ಸಾಲು ಬಿಡದ ಓದುಗರು

ಚಿಕ್ಕಮ್ಮಾ,

ಗುರುತು ಪರಿಚಯವಿಲ್ಲದ ಈ ಊರಿನ ಪುಸ್ತಕ ಹಬ್ಬದಲ್ಲಿ ದೇಶದ ಇತಿಹಾಸಕ್ಕೆ ದೊಡ್ಡ ಸಭಾಂಗಣ, ನಿನ್ನ ಪುಸ್ತಕಕ್ಕೆ ಮಾತ್ರ ಶೌಚಾಲಯದ ಪಕ್ಕದ ಮೇಜು. ಮಧ್ಯಾಹ್ನದವರೆಗೆ ನೊಣ ಬಿಟ್ಟರೆ ಯಾರೂ ಪುಟ ಮುಟ್ಟಲಿಲ್ಲ. ಯಾರೂ ಓದದ ಮೇಲೆ ಎರಡನೇ ಭಾಗ ಬರೆಯುವುದಿಲ್ಲ ಎಂಬ ನಿನ್ನ ಹಟ ನೆನಪಾಗಿ ನನಗೂ ಹಟ ಬಂತು. ಕುರ್ಚಿ ಹತ್ತಿ, ಶೌಚಾಲಯದ ಸರದಿಯಲ್ಲಿ ನಿಂತವರಿಗೇ ಗಟ್ಟಿಯಾಗಿ ಓದತೊಡಗಿದೆ. ನಾನು ನಿನ್ನ ಸಾಲು ಓದಿದೆ, ಅವರು ಸಾಲಾಗಿ ಕೇಳಿದರು.

ಸ್ವಾತಂತ್ರ್ಯದ ಕರಪತ್ರಗಳನ್ನು ಕೋಟಿನ ಒಳಪದರದಲ್ಲಿಟ್ಟು ಹೊಲಿದ ನಿನ್ನ ದರ್ಜಿ ಹೆಂಗಸರು ಪೊಲೀಸರ ಎದುರು ಬಂದು ನಿಲ್ಲುವ ಹೊತ್ತಿಗೆ, ಒಳಗೆ ಹೋಗಿಬಂದ ಅಂಚೆಯವನೊಬ್ಬ ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತ!

"ಈಗ ತಾನೇ ಹೋಗ್ಬಂದ್ಯಲ್ಲಪ್ಪಾ?" ಎಂದರು ಮುಂದಿದ್ದ ಅಜ್ಜಿ.

"ಸುಮ್ನಿರಿ ಅಜ್ಜಿ, ಆ ಕೋಟು ಸಿಕ್ಕಿಬಿತ್ತಾ ಇಲ್ವಾ ಗೊತ್ತಾಗ್ಬೇಕು."

ಮೊದಲ ಭಾಗ ಅಲ್ಲಿಗೇ ಮುಗಿಯುತ್ತದೆ ಎನ್ನುವ ಧೈರ್ಯ ನನಗಾಗಲಿಲ್ಲ. ನಾಳೆ ಮತ್ತೆ ಮೊದಲಿನಿಂದ ಓದುತ್ತೇನೆ, ಇದೇ ಕುರ್ಚಿಯ ಮೇಲೆ. ಗಂಟಲು ಕಟ್ಟಿದೆ, ಬಿಸಿನೀರು ಕುಡಿಯುತ್ತಿದ್ದೇನೆ, ಗಾಬರಿ ಬೇಡ. ನೀನು ಎರಡನೇ ಭಾಗಕ್ಕೆ ಕೂತುಬಿಡು. ಇಲ್ಲಿ ಜನ ಕಾಯುತ್ತಿದ್ದಾರೆ, ಅದೂ ಯಾರಿಂದಲೂ ಕಾಯಲಾಗದ ಜಾಗದಲ್ಲಿ.

ನಿನ್ನ ಬಾಯಿಬಡುಕ