ಬರಿತಲೆಯಲ್ಲಿ ಊರೊಳಗೆ

ದಕ್ಷಿಣ ಲೆಬನಾನ್, ಮಾರ್ಚ್ 1981

ಅಜ್ಜಿ,

ನಮ್ಮ ಫಿಜಿ ಪಡೆ ಇಲ್ಲಿ ಶಾಂತಿ ಕಾಯುತ್ತಿದೆ. ನೀರು, ಹಿಟ್ಟು ಸಾಗಿಸುವ ಏಳು ಲಾರಿಗಳಲ್ಲಿ ಎಲ್ಲಕ್ಕಿಂತ ಮುಂದಿನದು ನನ್ನದು. ಸಾರ್ಜೆಂಟ್ ವಿಲಿಕೇಸಾ ದಿನಾ ಬೆಳಿಗ್ಗೆ ನೆಲದ ಮೇಲೆ ಏಳು ಕಲ್ಲಿಟ್ಟು, ಗುಂಡು ಹಾರಿದರೆ ಯಾವ ಲಾರಿ ಎತ್ತ ತಿರುಗಬೇಕೆಂದು ಪ್ರತಿಯೊಬ್ಬನ ಬಾಯಲ್ಲೂ ಹೇಳಿಸುತ್ತಾರೆ. ಎಂಟು ತಿಂಗಳಲ್ಲಿ ಒಬ್ಬನನ್ನೂ ಕಳೆದುಕೊಂಡಿಲ್ಲ ಪುಣ್ಯಾತ್ಮ. ಕೊನೆಯ ಮಾತು ಯಾವಾಗಲೂ ಒಂದೇ: "ಹೆಲ್ಮೆಟ್ ತೆಗೆದೋನ ಚರ್ಮ ಸುಲೀತೀನಿ!"

ನಿನ್ನೆ ಒಂದು ಹಳ್ಳಿ ಬಂದಾಗ, ನಮ್ಮೂರೊಳಗೆ ಕಾಲಿಡುವಾಗ ಟೋಪಿ ತೆಗೆಯುವ ಹಾಗೆ, ನನಗೇ ಗೊತ್ತಿಲ್ಲದೆ ಹೆಲ್ಮೆಟ್ ತೆಗೆದುಬಿಟ್ಟೆ. ಕಟ್ಟೆಯ ಮೇಲಿದ್ದ ಮುದುಕರೊಬ್ಬರು ಎದ್ದು ಬಂದು ಲಾರಿಗೆ ಅಡ್ಡ ನಿಂತರು. ಅವರ ಮಾತನ್ನು ದುಭಾಷಿ ನಮಗೆ ತಿಳಿಸಿದ: "ಇಷ್ಟು ದಿನ ಬಂದೋರೆಲ್ಲ ತಲೆ ಮೇಲೆ ಕಬ್ಬಿಣ ಹೊತ್ಕೊಂಡೇ ಹೋದ್ರು. ಇವನೊಬ್ಬ ನಮ್ಮೂರಿಗೆ ಮರ್ಯಾದೆ ಕೊಟ್ಟ. ಮುಂದಿನ ಮೋರಿ ಕೆಳಗೆ ಬಾಂಬ್ ಇಟ್ಟಿದಾರೆ, ಆಲಿವ್ ತೋಟದ ದಾರೀಲಿ ಹೋಗಿ."

ಏಳೂ ಲಾರಿ ಸುರಕ್ಷಿತವಾಗಿ ಮುಟ್ಟಿದವು. ನನಗೆ ಮೂರು ದಿನ ಪಾತ್ರೆ ತೊಳೆಯುವ ಶಿಕ್ಷೆ. ಆದರೆ ಇಂದು ಬೆಳಿಗ್ಗೆ ಸಾರ್ಜೆಂಟ್ ಆ ಹಳ್ಳಿಯ ಜಾಗದಲ್ಲಿ ಎಂಟನೆಯ ಕಲ್ಲಿಟ್ಟು, "ಇಲ್ಲಿ ನಾನು ಇಳಿದು ನಡೀತೀನಿ, ಹೆಲ್ಮೆಟ್ ಕೈಯಲ್ಲಿ ಹಿಡ್ಕೊಂಡು" ಎಂದರು. ಆಮೇಲೆ ನನ್ನತ್ತ ತಿರುಗಿದರು.

"ಈ ಅಭ್ಯಾಸ ಯಾರು ಕಲಿಸಿದ್ದೋ?"

"ನಮ್ಮಜ್ಜಿ ಸಾರ್, ತಲೆಗೆ ಮೊಟಕಿ ಮೊಟಕಿ."

"ಪಾತ್ರೆ ಆಮೇಲೆ ತೊಳಿ. ಮೊದ್ಲು ಅವರಿಗೊಂದು ಕಾರ್ಡ್ ಬರಿ."

ನನ್ನ ಕೆಮ್ಮು ವಾಸಿಯಾಗಿದೆ. ಕಾರ್ಡಿನಲ್ಲಿ ಜಾಗ ಮುಗಿಯಿತು, ಪಾತ್ರೆ ರಾಶಿ ಬಿದ್ದಿದೆ.

ನೀನು ಮೊಟಕಿದ ತಲೆಯವನು,
ಸಕೆಯಾಸಿ