ದಾಲಿಯಾಳನ್ನು ಕಳಿಸಿದ್ದಕ್ಕೆ ಕಾರಣ

ಧಾರವಾಡ, ೨೧೬೧ನೇ ಇಸವಿ, ಮಾರ್ಚ್ ಒಂಬತ್ತು, ಮಧ್ಯಾಹ್ನ

ದಾಲಿಯಾಳ ಮೊಮ್ಮಕ್ಕಳಿಗೆ,

ನೀವು ಇನ್ನೂ ಹುಟ್ಟಿಲ್ಲ. ಈ ಲಕೋಟೆಯನ್ನು ೨೨೪೧ಕ್ಕೆ ಮೊದಲು ಯಾರೂ ಒಡೆಯುವಂತಿಲ್ಲ. ಅಷ್ಟು ಹೊತ್ತಿಗೆ ನನ್ನ ಮಾತುಗಳಲ್ಲಿ ಅರ್ಧ ನಿಮಗೆ ವಿಚಿತ್ರವಾಗಿ ಕಾಣಬಹುದು, ಕ್ಷಮಿಸಿ. ನಾನು ನೀಲಾಂಬಿಕಾ ಮುಳಗುಂದ, ಇಲ್ಲಿಯ ಮರಳಿಕೆ ಪೀಠದ ನ್ಯಾಯಾಧೀಶೆ. ತಂದೆ ತಾಯಿಯರಲ್ಲಿ ಒಬ್ಬರು ಇನ್ನೊಬ್ಬರ ಒಪ್ಪಿಗೆ ಇಲ್ಲದೆ ಮಗುವನ್ನು ಬೇರೆ ದೇಶದಲ್ಲಿ ಇರಿಸಿಕೊಂಡರೆ, ಅದನ್ನು ವಾಪಸು ಕಳಿಸಬೇಕೋ ಬೇಡವೋ ಎಂದು ತೀರ್ಮಾನಿಸುವುದು ನನ್ನ ಕೆಲಸ. ಕಳಿಸಿದ ಪ್ರತಿ ಮಗುವಿನ ಮೊಮ್ಮಕ್ಕಳಿಗೆ ಕೈಯಾರೆ ಒಂದು ಕಾರಣಪತ್ರ ಬರೆದಿಡಬೇಕೆಂಬುದು ನಮ್ಮ ಕಾಲದ ಕಾಯಿದೆ. ಇದುವರೆಗೆ ನಲವತ್ತೊಂದು ಬರೆದಿದ್ದೇನೆ. ಇಷ್ಟು ಸಂಕಟಪಟ್ಟು ಯಾವುದನ್ನೂ ಬರೆದಿಲ್ಲ.

ನಿಮ್ಮ ಅಜ್ಜಿಗೆ ಈಗ ಏಳು ವರ್ಷ. ಮುಂದಿನ ಎರಡು ಹಲ್ಲು ಬಿದ್ದಿವೆ. ಹುಟ್ಟಿದ್ದು ಬ್ರೆಜಿಲ್‌ನ ರೆಸಿಫೆಯಲ್ಲಿ. ತಂದೆ ಶಿವಯೋಗಿ ಹುಬ್ಬಳ್ಳಿಯವನು. ಅಲ್ಲಿ ಕಡಲ ನೀರನ್ನು ಸಿಹಿ ಮಾಡುವ ಸ್ಥಾವರದಲ್ಲಿ ಕೆಲಸಕ್ಕಿದ್ದ. ಹೆಂಡತಿ ಲುಸಿಯಾನಾಳಿಗೆ ಹದಿನೈದು ದಿನದಲ್ಲಿ ಬರುತ್ತೇವೆಂದು ಹೇಳಿ, ಕಳೆದ ಮಾರ್ಚ್ ಹದಿಮೂರಕ್ಕೆ ಮಗಳನ್ನು ಹುಬ್ಬಳ್ಳಿಗೆ ಕರೆತಂದವನು ತಿರುಗಿ ಹೋಗಲೇ ಇಲ್ಲ. ಆಕೆ ದೂರು ಕೊಟ್ಟಳು. ಇವನು ಒಂದಲ್ಲ ಒಂದು ನೆಪ ತೆಗೆದು ವಾಯಿದೆ ಪಡೆಯುತ್ತ ಹೋದ. ಮಗು ಬಂದು ವರ್ಷ ತುಂಬಿದರೆ ಅದು ಇಲ್ಲಿ ಬೇರುಬಿಟ್ಟಿದೆಯೆಂದು ಇಲ್ಲೇ ಉಳಿಸಿಕೊಳ್ಳಲು ನಮ್ಮ ಕಾನೂನಿನಲ್ಲಿ ಅವಕಾಶವಿದೆ. ವಿಚಾರಣೆ ನನ್ನೆದುರು ಬಂದಾಗ ವರ್ಷ ತುಂಬಲು ಆರೇ ದಿನ ಉಳಿದಿತ್ತು.

ನಿಮ್ಮಲ್ಲಿ ನುಡಿಪೆಟ್ಟಿಗೆ ಇದೆಯೋ ಇಲ್ಲವೋ ಕಾಣೆ. ನಮ್ಮಲ್ಲಿ ಮನೆಮನೆಗೂ ಇದೆ. ಯಾರು ಯಾವ ಭಾಷೆಯಲ್ಲಿ ಆಡಿದರೂ ಕೇಳುವವರಿಗೆ ತಮ್ಮದೇ ಭಾಷೆಯಲ್ಲಿ, ಆಡಿದವರದೇ ದನಿಯಲ್ಲಿ ಕೇಳಿಸುತ್ತದೆ. ಪರದೆಯ ಮೇಲೆ ತುಟಿಯ ಅಲುಗಾಟವನ್ನೂ ಅದೇ ಹೊಂದಿಸುತ್ತದೆ. ಪ್ರತಿ ಭಾನುವಾರ ದಾಲಿಯಾ ಹೀಗೇ ತಾಯಿಯೊಡನೆ ಹರಟುತ್ತಿದ್ದಳು: ನೆರಳುಬೀದಿಯಲ್ಲಿ (ಬಿಸಿಲು ತಾಳಲಾರದೆ ನಾವು ಬೀದಿಗಳಿಗೇ ಸೂರು ಹಾಕಿಕೊಂಡಿದ್ದೇವೆ) ಆಡಿದ ಕುಂಟಾಬಿಲ್ಲೆ, ಶಾಲೆಯ ಜಗಳ, ರೊಟ್ಟಿ ಜೊತೆ ತಿಂದ ಶೇಂಗಾ ಚಟ್ನಿ. ತಾಯಿ ಮಗಳ ನಡುವೆ ಏನೂ ಕೆಟ್ಟಿಲ್ಲ ನೋಡಿ ಎಂದು ಅಪ್ಪನ ವಕೀಲ ನನ್ನೆದುರು ಆ ಮಾತುಕತೆಗಳನ್ನೇ ಹಾಜರುಪಡಿಸಿದ. ನಾನೂ ತಲೆದೂಗಿದೆ, ಪೆದ್ದಿಯ ಹಾಗೆ.

ಮೊನ್ನೆ ಮಗುವನ್ನು ನನ್ನ ಕೋಣೆಯಲ್ಲಿ ಕೂರಿಸಿಕೊಂಡು ಪರದೆಯಲ್ಲಿ ತಾಯಿಯನ್ನು ಕರೆಸಿದೆ. ಪೆಟ್ಟಿಗೆ ಯಾಕೋ ತಡವರಿಸುತ್ತಿತ್ತು. ಹಾಳಾಗಿ ಹೋಗಲಿ, ತಾಯಿ ಮಗಳಿಗೆ ಇದರ ಹಂಗೇಕೆ ಎಂದು ನಾನೇ ಅದನ್ನು ಆರಿಸಿದೆ. ಲುಸಿಯಾನಾ ನಗುತ್ತ ಏನೋ ಹೇಳಿದಳು. ಮಗು ಪರದೆ ನೋಡಿತು, ನನ್ನನ್ನು ನೋಡಿತು.

“ಆಂಟಿ, ಅವ್ವ ಏನಂತಾಳ? ನನಗ ತಿಳೀವಲ್ದು.”

ಕನ್ನಡ ಬಾರದ ಆ ತಾಯಿಗೆ ಮಗಳ ಮುಖ ನೋಡಿಯೇ ತಿಳಿಯಿತು. ಅದೇ ಮಾತನ್ನು ಇನ್ನೊಮ್ಮೆ ಹೇಳಿದಳು, ನಿಧಾನವಾಗಿ, ಜೋರಾಗಿ, ಕಿವಿ ಕೇಳದವರಿಗೆ ಹೇಳುವ ಹಾಗೆ. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಅಯ್ಯೋ, ಆ ಗುಂಡಿ ಒತ್ತಿದ ನನ್ನ ಬೆರಳಿಗಿಷ್ಟು ಬೆಂಕಿ ಬೀಳಲಿ!

ಶಿವಯೋಗಿಯನ್ನು ಕರೆಸಿ ಕೇಳಿದೆ. ಅವನು ಸುಳ್ಳು ಹೇಳಲಿಲ್ಲ.

“ಗೊತ್ತಿತ್ರೀ. ಅವ್ವನ ಭಾಷಾ ಮರೀಲಿ ಅಂತನ ಬಿಟ್ಟೆ. ಮರತ್ರ ಇಲ್ಲೇ ಉಳೀತಾಳಲ್ರೀ.”

ಮೈಯೆಲ್ಲ ಉರಿದುಹೋಯಿತು. ಆದರೆ ದಿನಾ ಬೆಳಿಗ್ಗೆ ಮಗಳಿಗೆ ಎರಡು ಜಡೆ ಹಾಕುವವನೂ ಅವನೇ, ಜ್ವರ ಬಂದರೆ ಪಕ್ಕ ಬಿಟ್ಟು ಏಳದವನೂ ಅವನೇ. ಕಳಿಸಿದರೆ ಈ ಮಗು ತನ್ನ ತಾಯಿಯ ಮನೆಯಲ್ಲೇ ಮೂಗಿ. ಉಳಿಸಿದರೆ, ಮರೆಸಿದ್ದನ್ನೇ ಬೇರು ಎಂದು ಕರೆದಂತಾಗುತ್ತದೆ. ನಾಳೆ ಮಗುವನ್ನು ಎತ್ತಿಕೊಂಡು ಓಡುವ ಪ್ರತಿಯೊಬ್ಬರಿಗೂ ನಾನೇ ದಾರಿ ತೋರಿಸಿದ ಹಾಗೆ. ನಿನ್ನೆ ರೆಸಿಫೆಯ ನ್ಯಾಯಾಧೀಶರೊಡನೆ ಮೂರು ತಾಸು ಜಗ್ಗಾಡಿ ಜೋಡಿ ಆದೇಶ ಬರೆಸಿದೆ. ಎಂದರೆ ಎರಡೂ ದೇಶಗಳಲ್ಲಿ ಒಂದೇ ಆದೇಶ: ದಾಲಿಯಾ ತಾಯಿಯ ಬಳಿ ಇರಬೇಕು, ಪ್ರತಿ ವರ್ಷ ರಜೆಯ ಎರಡು ತಿಂಗಳು ಹುಬ್ಬಳ್ಳಿಯಲ್ಲಿ ಅಪ್ಪನ ಬಳಿ. ಅವರೂ ಸಹಿ ಹಾಕಿದರು, ನಾನೂ ಹಾಕಿದೆ. ಆದರೆ ಆ ಕಡೆ ನನ್ನ ಮಾತು ನಡೆಯುವುದಿಲ್ಲ. ಅವರು ಕೊಟ್ಟ ಮಾತನ್ನು ನಂಬಬೇಕಷ್ಟೆ.

ಇಂದು ಬೆಳಿಗ್ಗೆ ಹತ್ತಕ್ಕೆ ವಿಮಾನ. ನಿಮ್ಮ ಅಜ್ಜಿ ಅಪ್ಪನ ಕೊರಳಿಗೆ ಜೋತುಬಿದ್ದಳು. ಅವನು ಬಿಡಿಸಲಿಲ್ಲ, ಹಿಡಿಯಲೂ ಇಲ್ಲ. ಕೈ ಜೋಲುಬಿಟ್ಟು ನಿಂತಿದ್ದ. ಕರೆದೊಯ್ಯಲು ಬಂದ ಹೆಂಗಸಿಗೂ ಮುಟ್ಟುವ ಧೈರ್ಯವಾಗಲಿಲ್ಲ. ಆ ಪುಟ್ಟ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದವಳು ನಾನು. ಕಚ್ಚಿದಳು. ಕಚ್ಚಿಸಿಕೊಂಡೆ.

ನಿಮ್ಮಲ್ಲಿ ಒಂದೇ ಬೇಡಿಕೆ. ಮನೆಯಲ್ಲಿ ಹಿರಿಯರು ಯಾರಾದರೂ ಉಳಿದಿದ್ದರೆ ಕೇಳಿ ನೋಡಿ: ಅಜ್ಜಿಯನ್ನು ರಜೆಗೆ ಹುಬ್ಬಳ್ಳಿಗೆ ಕಳಿಸುತ್ತಿದ್ದರೇ? ಕಳಿಸಿದ್ದರೆ ಈ ಪತ್ರವನ್ನು ಹರಿದು ಹಾಕಿ, ನನ್ನನ್ನು ಮರೆತುಬಿಡಿ. ಒಮ್ಮೆಯೂ ಕಳಿಸಿರದಿದ್ದರೆ, ಮಗುವನ್ನು ಕದ್ದವರ ಸಾಲಿನಲ್ಲಿ ನನ್ನ ಹೆಸರನ್ನೂ ಬರೆಯಿರಿ.

ನೀಲಾಂಬಿಕಾ ಮುಳಗುಂದ