ಮೊಣಕಾಲ ಹಿಂದಿನ ಬೊಟ್ಟು

ಹುಬ್ಬಳ್ಳಿ ಹಾರುಗಟ್ಟೆ
ಫೆಬ್ರವರಿ ೩೦, ೨೩೧೭

ನನಗಿಂತ ಮೂರು ಶತಮಾನ ಹಿಂದಿರುವ ವೈದ್ಯ ಬಂಧುಗಳಿಗೆ ದಾನೇಶ್ವರಿ ಅರಳಿಕಟ್ಟಿಯ ನಮಸ್ಕಾರಗಳು.

ತಾರೀಖು ನೋಡಿ ಕಾಗದ ಬಿಸಾಡಬೇಡಿ. ಫೆಬ್ರವರಿಗೆ ಮಾತ್ರ ಯಾಕೆ ದಿನ ಕಡಿಮೆ ಎಂದು ಯಾರೋ ತಕರಾರು ತೆಗೆದು ಗೆದ್ದು ಬಹಳ ಕಾಲವಾಯಿತು. ಕಾಲದಲ್ಲಿ ಹಿಂದಕ್ಕೆ ಹೋಗುವ ಟಪಾಲಿಗೆ ನಾವು ಹಿನ್ನಂಚೆ ಎನ್ನುತ್ತೇವೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರಕ್ಕೆ ಅವಕಾಶ. ನನ್ನ ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ, ನಿಮ್ಮವೂ ನಮಗೆ ಹಾಗೆಯೇ. ನಿಮ್ಮ ‘ಓಪಿಡಿ’ ಎಂಬುದು ಯಾವ ದೇವರು ಎಂದು ನಮ್ಮ ಪಂಡಿತರಲ್ಲಿ ಇನ್ನೂ ಚರ್ಚೆ ನಡೆದಿದೆ. ಬೆಳಗಾಗುವುದರೊಳಗೆ ಅಷ್ಟೊಂದು ಜನ ಸಾಲುಗಟ್ಟಿ ನಿಲ್ಲುತ್ತಿದ್ದರಂತೆ.

ಹಾರುಗಟ್ಟೆ ಎಂದರೆ ಪರದೇಶದ ಹಾರುಬಂಡಿಗಳು ಬಂದಿಳಿಯುವ ಕಟ್ಟೆ. ಅಲ್ಲಿ ಊರಿಗೆ ಮರಳಿದವರನ್ನು ನೋಡುವ ವೈದ್ಯೆ ನಾನು. ನೋಡುವುದೆಂದರೆ ಮಾತಿಗೆ ಹೇಳಿದ್ದು. ನಿಜವಾಗಿ ನೋಡುವುದು ಮೈಗನ್ನಡಿ. ಆಳೆತ್ತರದ ಆ ಯಂತ್ರದ ಮುಂದೆ ನಿಂತರೆ ಮೈಮೇಲಿನ ಗೀರು, ಒಳಗಿನ ಮಿಡಿತ ಎಲ್ಲವನ್ನೂ ಓದಿ ಕಾಯಿಲೆಯ ಹೆಸರು ಹೇಳುತ್ತದೆ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ‘ಹೌದು’ ಎನ್ನುವುದು ನನ್ನ ಕೆಲಸ. ಎಂಟು ವರ್ಷಗಳಲ್ಲಿ ನಾನು ಒಬ್ಬ ರೋಗಿಯನ್ನೂ ಕೈಯಿಂದ ಮುಟ್ಟಿರಲಿಲ್ಲ. ಮುಟ್ಟಲು ಹೋದರೆ ಅವರೇ ಬೆಚ್ಚಿಬೀಳುತ್ತಾರೆ.

ನಿಮ್ಮಲ್ಲಿ ದೃಷ್ಟಿಬೊಟ್ಟು ಹೆಚ್ಚಾಗಿ ಕೂಸುಗಳಿಗೆ, ಮದುಮಕ್ಕಳಿಗೆ ಇಡುತ್ತಿದ್ದರಂತೆ. ನಮ್ಮಲ್ಲಿ ಪರದೇಶಕ್ಕೆ ಹೋಗಿಬಂದವರಿಗೆಲ್ಲ ಇಡುತ್ತಾರೆ. ಬಂಡಿ ಇಳಿದದ್ದೇ ತಡ, ಮನೆಯ ಹೆಂಗಸರು ಕಾಡಿಗೆ ಡಬ್ಬಿ ಹಿಡಿದು ಮುತ್ತಿಕೊಳ್ಳುತ್ತಾರೆ. ಬೊಟ್ಟು ಪರರ ಕಣ್ಣಿಗೆ ಬೀಳಬಾರದೆಂಬುದು ಈಗಿನ ಶಾಸ್ತ್ರ. ಹಾಗಾಗಿ ಕಿವಿಯ ಹಿಂದೆ, ಅಂಗಾಲಿನಲ್ಲಿ, ಸೊಂಟದ ಮಡಿಕೆಯಲ್ಲಿ, ಎಲ್ಲಿ ಸಂದು ಸಿಕ್ಕಿತೋ ಅಲ್ಲಿ ಇಡುತ್ತಾರೆ. ಅರವತ್ತು ದಾಟಿದ ಗಂಡಸರು ಹಾರುಗಟ್ಟೆಯ ನಡುವೆ ಒಂಟಿಕಾಲಲ್ಲಿ ನಿಂತು ಅಂಗಾಲು ಒಡ್ಡುವುದನ್ನು ನಾನು ದಿನವೂ ನೋಡುತ್ತೇನೆ. ಮೈಗನ್ನಡಿಯ ಮುತ್ತಜ್ಜ ಹುಟ್ಟುವುದು ನಿಮ್ಮ ಕಾಲದಲ್ಲಿ. ಕೂಸಿನ ಕೆನ್ನೆಯ ಬೊಟ್ಟು ಕಂಡಾಗಲೆಲ್ಲ ಅದು ರೋಗ ರೋಗ ಎಂದು ಬೊಬ್ಬೆ ಹೊಡೆಯುತ್ತಿತ್ತಂತೆ. ಬೇಸತ್ತ ನಿಮ್ಮಲ್ಲೊಬ್ಬ ವೈದ್ಯರು ಅದಕ್ಕೆ ಒಂದೇ ಸಾಲಿನಲ್ಲಿ ಬುದ್ಧಿ ಹೇಳಿದರು: ದುಂಡಗಿನ ಕಪ್ಪು ಚುಕ್ಕೆ ಕಂಡರೆ ಬಿಟ್ಟುಬಿಡು. ಆ ಸಾಲು ವಂಶಪಾರಂಪರ್ಯವಾಗಿ ನಮ್ಮವರೆಗೂ ಬಂದಿದೆ.

ನನ್ನನ್ನು ಸಾಕಿ ಬೆಳೆಸಿದವರು ಸೋದರಮಾವ ವಿರೂಪಾಕ್ಷ ಮಾಮಾ, ಅವರ ಹೆಂಡತಿ ನೀಲವ್ವ ಅತ್ತೆ. ಮಾಮಾ ನಿವೃತ್ತ ಭೂಗೋಳದ ಮೇಷ್ಟ್ರು. ಕಳೆದ ತಿಂಗಳು ಆಫ್ರಿಕಾದ ದಕ್ಷಿಣದ ಹುಲ್ಲುಗಾವಲು ನೋಡಿಬಂದರು. ನಲವತ್ತು ವರ್ಷ ಪಾಠ ಮಾಡಿದ ಹುಲ್ಲಿನ ಮೇಲೆ ಒಮ್ಮೆ ಮಲಗಬೇಕೆಂಬುದು ಅವರ ಆಸೆ. ಮಲಗಿದರು, ಅದೂ ಚಡ್ಡಿಯಲ್ಲಿ. ಊರಿಗೆ ಬಂದ ನಾಲ್ಕನೆಯ ದಿನ ಜ್ವರ, ತಲೆ ಸಿಡಿತ. ಕನ್ನಡಿಯ ಮುಂದೆ ನಿಲ್ಲಿಸಿದೆ. ‘ಪ್ರಯಾಣದ ದಣಿವು’ ಎಂದಿತು. ಮರುದಿನ ಮೈತುಂಬ ಕೆಂಪು ದದ್ದು. ‘ಪ್ರಯಾಣದ ದಣಿವು, ಜೊತೆಗೆ ಸೆಖೆ’ ಎಂದಿತು. ನಾನು ಎರಡು ಸಲವೂ ಹೌದು ಎಂದೆ. ಮೂರನೆಯ ದಿನ ಮಾಮಾ ನನ್ನನ್ನು ತೀರಿಹೋದ ನನ್ನ ತಾಯಿಯ ಹೆಸರಿನಿಂದ ಕರೆದು, ಕೃಷ್ಣಾ ನದಿಯನ್ನು ಪಶ್ಚಿಮಕ್ಕೆ ಹರಿಸತೊಡಗಿದರು. ಕನ್ನಡಿ ‘ವಿಶ್ರಾಂತಿ ಸಾಕು’ ಎಂದಿತು. ಮಾಮಾ ನನ್ನ ಕಣ್ಣೆದುರೇ ಹೋಗಿಬಿಡುತ್ತಾರೆ ಎನ್ನಿಸಿತು.

ದಿಕ್ಕು ತೋಚದೆ ನಿಮ್ಮ ಕಾಲದ ಒಂದು ಹರಕು ಪಠ್ಯ ಹುಡುಕಿ ತೆಗೆದೆ. ‘ಜ್ವರ ಹೊತ್ತು ಪ್ರವಾಸದಿಂದ ಬಂದವನನ್ನು ಎಲ್ಲಿ ಹೋಗಿದ್ದೆ, ಎಲ್ಲಿ ಕೂತೆ, ಎಲ್ಲಿ ಮಲಗಿದೆ ಎಂದು ಕೇಳಿ. ಬಟ್ಟೆ ಬಿಚ್ಚಿಸಿ ಸಂದುಗೊಂದುಗಳನ್ನು ನೋಡಿ. ಉಣುಗು ಕಚ್ಚಿ ಬಂದ ಜ್ವರವಾದರೆ ಕಚ್ಚಿದ ಕಡೆ ಒಣಗಿದ ಕಪ್ಪು ಹಕ್ಕಳೆ ಇರಬಹುದು’ ಎಂದಿತ್ತು. ದನಕರುಗಳ ಮೈಗಂಟಿ ರಕ್ತ ಹೀರುವ ಉಣುಗು ನಮ್ಮ ಸೀಮೆಯಲ್ಲಿ ಕಾಣದೆ ನೂರು ವರ್ಷವಾಯಿತು. ಮಾಮಾನ ಮೊಣಕಾಲ ಹಿಂದೆ ಬೇಳೆಯಷ್ಟು ಗಾತ್ರದ ಕಪ್ಪು ಚುಕ್ಕೆಯೊಂದಿತ್ತು. ಮೊದಲ ದಿನವೇ ನಾನದನ್ನು ಕಂಡು, ಅತ್ತೆ ಭಲೇ ಜಾಗ ಹುಡುಕಿದ್ದಾರೆ ಎಂದು ನಕ್ಕಿದ್ದೆ. ಈಗ ನೀಲವ್ವ ಅತ್ತೆಯನ್ನು ಕೂರಿಸಿಕೊಂಡು ಎಷ್ಟು ಬೊಟ್ಟು ಇಟ್ಟಿರಿ ಎಂದು ಕೇಳಿದೆ.

“ನಾ ಒಂದ ಇಟ್ಟೇನಿ, ಎಡಗಿವಿ ಹಿಂದ,” ಎಂದರು ಅತ್ತೆ. “ಆ ಮೊಣಕಾಲಿಂದು ಇಟ್ಟಾಕಿ ಯಾರು ಅಂತ ನಾನೂ ಬಂದ ದಿನದಿಂದ ಕೇಳಬೇಕಂತ ಮಾಡೇನಿ.”

ವಾರದಿಂದ ಅವರು ಮಾಮಾನ ಮುಂದೆ ತಟ್ಟೆ ಕುಕ್ಕುತ್ತಿದ್ದುದು ಯಾಕೆಂದು ನನಗೆ ಆಗ ತಿಳಿಯಿತು. ಹತ್ತಿಗೆ ಕೊಬ್ಬರಿ ಎಣ್ಣೆ ಅದ್ದಿ ಕಿವಿಯ ಹಿಂದೆ ಒರೆಸಿದೆ, ಬೊಟ್ಟು ಹೋಯಿತು. ಮೊಣಕಾಲ ಹಿಂದೆ ಒರೆಸಿದೆ, ಹೋಗಲಿಲ್ಲ. ಸುತ್ತಲಿನ ಚರ್ಮ ಕೆಂಪಗೆ ಬಿಸಿಯಾಗಿತ್ತು. ಇದು ಹುಳ ಕಚ್ಚಿದ್ದು ಎಂದು ಹೇಳಿದೆ.

“ಹುಳಾನ? ಮತ್ತ ಮೊದಲ ಹೇಳಬಾರದ ಇವರು,” ಎಂದು ಅತ್ತೆ ನಿಟ್ಟುಸಿರು ಬಿಟ್ಟರು. ಗಂಡನ ಜೀವಕ್ಕೆ ಅಪಾಯವಿದೆ ಎಂದು ಅವರಿಗೆ ಹೊಳೆದದ್ದು ಆಮೇಲೆ. ಆಗ ನನ್ನ ಕೈ ಹಿಡಿದುಕೊಂಡು ಅತ್ತರು.

ರಕ್ತದಲ್ಲಿ ಪುರಾವೆ ಕಾಣಲು ಎರಡು ವಾರ ಬೇಕು, ಅಷ್ಟು ಕಾಯಬೇಡಿ ಎಂದು ನಿಮ್ಮ ಪಠ್ಯ ಹೇಳುತ್ತದೆ. ಪುರಾವೆಯಿಲ್ಲದೆ ಮದ್ದು ಕೊಡಬೇಕಾದರೆ ನಮ್ಮಲ್ಲಿ ಅನುಮಾನ ಚೀಟಿ ಬರೆಯಬೇಕು. ಊಹೆ ತಪ್ಪಾದರೆ ಬರೆದವರ ಕೆಲಸ ಹೋಗುತ್ತದೆ. ಕಡೆಯ ಚೀಟಿ ಬರೆದದ್ದು ಅರವತ್ತು ವರ್ಷದ ಹಿಂದೆ. ಮದ್ದಿನ ಉಗ್ರಾಣದ ಕಾಡಪ್ಪನವರು ನಮೂನೆ ಹುಡುಕಿ ಕೊಟ್ಟರು. ಕಾರಣದ ಜಾಗದಲ್ಲಿ ನಾನು ‘ಅತ್ತೆ ಇಟ್ಟದ್ದು ಒಂದೇ ಬೊಟ್ಟು’ ಎಂದು ಬರೆದೆ. ಅವರು ಮೂರು ಸಲ ಓದಿ, “ಇದೂ ಒಂದು ಕಾರಣ ಏನ್ರಿ ಡಾಕ್ಟರ?” ಎಂದರು. ಇರುವುದು ಇದೊಂದೇ ಎಂದೆ. ಮದ್ದು ನಿಮ್ಮ ಅದೇ ಹಳೆಯ ಡಾಕ್ಸಿಸೈಕ್ಲಿನ್. ಎರಡು ದಿನಕ್ಕೆ ಜ್ವರ ಇಳಿಯಿತು. ಮೂರನೆಯ ದಿನ ಕೃಷ್ಣೆ ಪೂರ್ವಕ್ಕೆ ಹರಿದಳು, ಅತ್ತೆ ತಟ್ಟೆಯನ್ನು ಮೆಲ್ಲಗೆ ಇಟ್ಟರು.

ಇಲ್ಲಿಗೆ ನಗು ಮುಗಿಯಿತು. ಮಾಮಾ ಎದ್ದು ಕೂತ ಮೇಲೆ ನಾನು ಹಾರುಗಟ್ಟೆಯ ಹಳೆಯ ಕಡತಗಳನ್ನು ತೆಗೆದೆ. ಹದಿನಾರು ವರ್ಷಗಳಲ್ಲಿ ನಾಲ್ವರು ಪ್ರಯಾಣದ ದಣಿವಿನಿಂದ ತೀರಿಕೊಂಡಿದ್ದಾರೆ. ದಣಿವಿಗೆ ಯಾರಾದರೂ ಸಾಯುತ್ತಾರೆಯೇ ಎಂದು ಒಬ್ಬರೂ ಕೇಳಿಲ್ಲ. ಕನ್ನಡಿ ತೆಗೆದ ನಾಲ್ವರ ಚಿತ್ರದಲ್ಲೂ ಕೆಂಪು ಅಂಚಿನ ಒಂದೊಂದು ಕಪ್ಪು ಚುಕ್ಕೆಯಿದೆ. ಇಬ್ಬರ ವಿಷಯದಲ್ಲಿ ಹೌದು ಎಂದವಳು ನಾನೇ.

ಆ ಒಂದು ಸಾಲು ಬರೆಯುವವರು ನಿಮ್ಮಲ್ಲೇ ಇದ್ದೀರಿ. ನಿಮ್ಮ ಹೆಸರು ನನಗೆ ಗೊತ್ತಿಲ್ಲ, ನಿಮ್ಮ ಮೇಲೆ ಸಿಟ್ಟೂ ಇಲ್ಲ. ದಿನಕ್ಕೆ ನೂರು ಬಾರಿ ಬೊಬ್ಬೆ ಕೇಳಿದರೆ ಯಾರಿಗಾದರೂ ಬೇಸರವಾಗುತ್ತದೆ. ದಯಮಾಡಿ ಅದು ಬೊಬ್ಬೆ ಹೊಡೆಯಲಿ ಬಿಡಿ. ನೀವು ಎದ್ದುಹೋಗಿ ಒಮ್ಮೆ ಒರೆಸಿ ನೋಡಿ. ಆ ನಾಲ್ವರ ಮನೆಯವರು ಇಂದಿಗೂ ಆ ಬೊಟ್ಟನ್ನು ತಮ್ಮಲ್ಲೇ ಯಾರೋ ಅಕ್ಕರೆಯಿಂದ ಇಟ್ಟದ್ದೆಂದು ತಿಳಿದಿದ್ದಾರೆ. ನಾಳೆ ಬೆಳಿಗ್ಗೆ ನಾನು ಮೊದಲ ಮನೆಯ ಬಾಗಿಲು ತಟ್ಟಬೇಕು. ನೀವು ಆ ಸಾಲು ಬರೆಯದಿದ್ದರೆ, ಬಾಗಿಲು ತೆರೆಯಲು ತೀರಿಹೋದವರೇ ಬರುತ್ತಾರೆ.

ಇಂತಿ,
ದಾನೇಶ್ವರಿ